ಬೆಟ್ಟಸ್ವಾಮಿಯ ಬೀಳ್ಕೊಡುಗೆ

ತಾನು ಗಡಿಗೆ ಹೊರಟಿರುವ ಸುದ್ದಿಯನ್ನು ಬೆಟ್ಟಸ್ವಾಮಿ ಟೀ ಅಂಗಡಿಯಲ್ಲಿ ಬಾಯಿಬಿಟ್ಟದ್ದೇ ಎಡವಟ್ಟಾಯಿತು. ಗುಬ್ಬಿಯಲ್ಲಿ ಅವನದೊಂದು ಹಿಟ್ಟಿನ ಮಿಲ್ಲು. ಜೊತೆಗೆ ಅವನು ಟೆರಿಟೋರಿಯಲ್ ಆರ್ಮಿಯ ಸಿಪಾಯಿ; ಅಂದರೆ ವರ್ಷಕ್ಕೆರಡು ತಿಂಗಳು ಕ್ಯಾಂಪಿನಲ್ಲಿ ಬಂದೂಕು ಹಿಡಿದು, ಮಿಕ್ಕ ದಿನವೆಲ್ಲ ರಾಗಿ ಬೀಸುವವನು. ಈ ಸಲ ಬಂದ ಕರೆ ಮಾತ್ರ ಕ್ಯಾಂಪಿಗಲ್ಲ, ಕಾಶ್ಮೀರಕ್ಕೆ.

ಬೆಟ್ಟಸ್ವಾಮಿಗೆ ಗುಂಡಿನ ಭಯವಿರಲಿಲ್ಲ. ಮಿಲ್ಲಿನದೇ ಚಿಂತೆ. ಕ್ಯಾಂಪಿಗೆ ಹೋದಾಗ ಹೆಂಡತಿ ಪ್ರಮೀಳಾ ಹೇಗೋ ಬಾಗಿಲು ತೆಗೆದು ಸಂಭಾಳಿಸುತ್ತಿದ್ದಳು. ಈಗ ಎಷ್ಟು ತಿಂಗಳಾಗುತ್ತದೋ ಯಾರು ಬಲ್ಲರು! ಗಿರಾಕಿಗಳು ಒಮ್ಮೆ ಪಕ್ಕದ ರಸ್ತೆಯ ಮಿಲ್ಲಿಗೆ ಹೋದರೆ ಮತ್ತೆ ಈ ಕಡೆ ತಲೆ ಹಾಕುತ್ತಾರೆಯೆ? ಹೊರಡುವ ದಿನ ಬೆಳಗ್ಗೆಯೇ ಪ್ರಮೀಳಾಳನ್ನು ಕವಾಯತಿಗೆ ನಿಲ್ಲಿಸಿದಂತೆ ಮೋಟರಿನ ಮುಂದೆ ನಿಲ್ಲಿಸಿದ.

"ಫಸ್ಟ್ ಪಾಠ, ಸ್ವಿಚ್ಚು."

"ಹೂಂ."

"ಬೆಲ್ಟ್ ಹತ್ರ ಸೆರಗು ಹೋಗ್ಬಾರ್ದು."

"ಹೂಂ. ಸ್ವೆಟರ್ ಇಟ್ಕೊಂಡ್ರಾ?"

ಅಷ್ಟರಲ್ಲಿ ಎದುರುಮನೆಯ ಸುಬ್ಬಲಕ್ಷ್ಮಮ್ಮ ಸೊಂಟದ ಮೇಲೆ ರಾಗಿ ಡಬ್ಬ ಇಟ್ಟುಕೊಂಡು ಬಂದರು. ಬೆಟ್ಟಸ್ವಾಮಿ ಕೈ ಚಾಚಿದ.

"ಕೊಡಜ್ಜಿ, ಬೀಸ್ಕೊಡ್ತೀನಿ."

"ಬುಡಪ್ಪಾ, ದೇಸ ಕಾಯಕ್ಕೆ ಹೊಂಟೋನು! ನಿಂಗ್ಯಾಕೆ ತೊಂದ್ರೆ? ಎಷ್ಟೊತ್ತಿಗೆ ಟ್ರೈನು?"

"ಸಾಯಂಕಾಲ."

"ತಪ್ಪುಸ್ಕೊಂಡ್ಬುಟ್ಟೀಯ, ಬೇಗ ಹೊಂಡು" ಎಂದು ಡಬ್ಬವನ್ನು ಜಗಲಿಯ ಮೂಲೆಯಲ್ಲಿಟ್ಟು ಅಲ್ಲೇ ಕೂತರು.

ಹಿಂದೆಯೇ ಇನ್ನಷ್ಟು ಡಬ್ಬಗಳು, ಚೀಲಗಳು ಬಂದವು. ಯಾರೂ ಅವನ ಕೈಗೆ ಕೊಡಲಿಲ್ಲ. ಎಲ್ಲರೂ ಟ್ರೈನಿನ ಹೊತ್ತು ಕೇಳಿದರು. ಬೆಟ್ಟಸ್ವಾಮಿ ಎದೆಯುಬ್ಬಿಸಿ ನಿಂತ. ಹಿಟ್ಟು ಮೆತ್ತಿದ ತನ್ನ ಮುಖವನ್ನಷ್ಟೇ ಕಂಡಿದ್ದ ಬೀದಿ ಇಂದು ಉತ್ಸವಮೂರ್ತಿಯನ್ನು ನೋಡುವಂತೆ ನೋಡುತ್ತಿದೆ! ಮನೆಯಲ್ಲಿ ಹಿಟ್ಟಿಲ್ಲದಿದ್ದರೂ ಸೈನಿಕನ ಕೈಗೆ ಕೆಲಸ ಕೊಡಬಾರದೆನ್ನುವ ಜನ! ಇಂಥವರಿಗಾಗಿ ಪ್ರಾಣ ಕೊಟ್ಟರೂ ಕಮ್ಮಿಯೇ ಅನ್ನಿಸಿತು ಅವನಿಗೆ.

ಮಧ್ಯಾಹ್ನ ನಿವೃತ್ತ ಮೇಷ್ಟ್ರು ಗುರುಪ್ರಕಾಶ್ ಶಾಲು, ಪೇಟ, ಚೆಂಡುಹೂವಿನ ದಪ್ಪ ಹಾರ ತಂದು ಜಗಲಿಯಲ್ಲೇ ಸನ್ಮಾನ ಮಾಡಿಬಿಟ್ಟರು. ಜೊತೆಗೆ ಆಟೋ ಒಂದನ್ನೂ ಕರೆತಂದಿದ್ದರು.

"ಈಗ್ಲೇ ಯಾಕೆ ಸಾರ್ ಆಟೋ?"

"ಮಿಲಿಟ್ರಿಯವ್ರು ಅಂದ್ರೆ ಶಿಸ್ತು ಕಣಯ್ಯ. ಹತ್ತು."

"ಇರಿ ಸಾರ್, ಇವಳಿಗೆ ಬೆಲ್ಟ್ ನೋಡ್ಕೊಳೋದು ತೋರ್ಸ್ಬೇಕು" ಎಂದವನು ಮೋಟರ್ ಹಾಕಿ, ಹಾರದ ಸಮೇತ ಬಗ್ಗಿದ. ಬೆಲ್ಟು ಹಾರಕ್ಕೆ ಬಾಯಿ ಹಾಕಿತು. ಪೇಟ ಹಾರಿಹೋಗಿ ರಾಗಿಯಲ್ಲಿ ಬಿತ್ತು. ಜನ "ಅಯ್ಯೋ" ಅನ್ನುವಷ್ಟರಲ್ಲಿ ಪ್ರಮೀಳಾ ಒಂದು ಕೈಯಲ್ಲಿ ಸ್ವಿಚ್ಚು ಆರಿಸಿ, ಇನ್ನೊಂದರಲ್ಲಿ ಗಂಡನ ಕಾಲರ್ ಹಿಡಿದೆಳೆದಿದ್ದಳು. ಬೆಟ್ಟಸ್ವಾಮಿ ಬೆಕ್ಕಸ ಬೆರಗಾದ. ಕ್ಯಾಂಪಿನಲ್ಲಿ ಕವಾಯತು ಮಾಡಿಸುವ ಸುಬೇದಾರರಿಗೂ ಅಷ್ಟು ಚುರುಕು ಇರಲಿಲ್ಲ.

ಕೊರಳಲ್ಲಿ ಉಳಿದ ದಾರವನ್ನು ಬಿಡಿಸಿಕೊಳ್ಳುತ್ತಿರುವಾಗಲೇ ಫೋನು ಬಂತು. ಸುಬೇದಾರರೇ. ಬೆಟ್ಟಸ್ವಾಮಿ ಅಟೆನ್ಷನ್ನಿನಲ್ಲೇ ನಿಂತು ಕೇಳಿ, ಫೋನಿಟ್ಟು, ಕೈ ಮೇಲೆತ್ತಿ ಕೂಗಿದ: "ಹತ್ತು ದಿನ ಮುಂದಕ್ಕೆ ಹೋಯ್ತು! ನಾನು ಇಲ್ಲೇ ಇರ್ತೀನಿ! ತನ್ನಿ, ಎಲ್ಲರ ಡಬ್ಬಾನೂ ತನ್ನಿ!"

ಜಗಲಿಯಲ್ಲಿದ್ದವರು ತಮ್ಮ ತಮ್ಮ ಡಬ್ಬಗಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ಮೇಷ್ಟ್ರು ಆಟೋದವನ ಮುಖ ನೋಡಿದರು. ಕೊನೆಗೆ ಸುಬ್ಬಲಕ್ಷ್ಮಮ್ಮನೇ ಬಾಯಿ ತೆರೆದರು.

"ಅಯ್ಯೋ ಶಿವ್ನೇ! ಇನ್ನೂ ಹತ್ತು ದಿನ ಕಾಯ್ಬೇಕಾ?"

"ಯಾಕಜ್ಜಿ? ನಾನಿದೀನಲ್ಲ!"

"ಅದೇ ಕಣಪ್ಪ ಕಷ್ಟ. ನೀನು ಕಲ್ಲು ಬಿಗಿ ಮಾಡಿ ದಡಬಡ ಬೀಸ್ತೀಯ. ಹಿಟ್ಟು ಕೆಂಡದಂಗೆ ಕಾದಿರ್ತದೆ, ಮುದ್ದೆ ಕಟ್ಟಿದ್ರೆ ಒಡ್ದೋಯ್ತದೆ. ಪ್ರಮೀಳಾ ಬೀಸಿದ್ರೆ ಬೆಣ್ಣೆ. ಅದ್ಕೇ ನೀನು ಕ್ಯಾಂಪಿಗೆ ಹೋದಾಗ ಬೀಸುಸ್ಕೊಂಡು ಇಟ್ಕೊಳದು. ಮಿಕ್ಕ ದಿನ ನಿನ್ನ ಮೇಲಿನ ಮರ್ವಾದೆಗೆ ಅಷ್ಟೋ ಇಷ್ಟೋ ತತ್ತೀವಿ."

ಬೆಟ್ಟಸ್ವಾಮಿ ಹೆಂಡತಿಯ ಕಡೆ ತಿರುಗಿದ. ಅವಳು ಆಗಲೇ ಸೆರಗು ಸಿಕ್ಕಿಸಿ ಕಲ್ಲನ್ನು ಒಂದಿಷ್ಟು ಸಡಿಲಿಸುತ್ತಿದ್ದಳು. ಮೋಟರ್ ಹಾಕಿ, ಅಜ್ಜಿಯ ರಾಗಿ ಸುರಿದು, ಹೊರಬಂದ ಮೊದಲ ಹಿಟ್ಟನ್ನು ಹೆಬ್ಬೆರಳಿನಿಂದ ತಿಕ್ಕಿ, ಕಿವಿಗೊಟ್ಟು ಕಲ್ಲಿನ ಸದ್ದು ಕೇಳಿ, ಮತ್ತೆ ಒಂದು ಕೂದಲೆಳೆಯಷ್ಟು ತಿರುಗಿಸಿದಳು. ಮಿಲ್ಲಿನ ದನಿಯೇ ಬದಲಾಯಿತು. ತಂದೆಯ ಕಾಲದಿಂದ ಈ ಕಲ್ಲಿನ ಜೊತೆ ಬೆಳೆದರೂ ಅದು ಹೀಗೆ ಮೆತ್ತಗೆ ಗುನುಗುವುದನ್ನು ಅವನು ಕೇಳಿರಲೇ ಇಲ್ಲ.

"ಏನ್ರೀ, ಹಂಗೇ ನಿಂತ್ರಿ? ಡಬ್ಬಗಳ್ನ ಒಂದೊಂದೇ ಎತ್ಕೊಡಿ" ಎಂದಳು ಪ್ರಮೀಳಾ. "ಆಮೇಲೆ ಚೀಲಗಳು. ಹತ್ತು ದಿನ ಇರ್ತೀರಲ್ಲ, ಈ ಜಾಗಾನೂ ಗುಡಿಸಿ ಸುಣ್ಣ ಹೊಡೀಬಹುದು."

ಜನರಿಗೆ ಜೀವ ಬಂತು. ಜಗಲಿ ತುಂಬ ಡಬ್ಬಗಳ ಸದ್ದೆದ್ದಿತು. ಮೂರನೆಯ ಚೀಲ ಹೊತ್ತಾಗ ಬೆಟ್ಟಸ್ವಾಮಿಯ ಸೊಂಟ ಕಳಕ್ಕೆಂದಿತು. ಅವನು ಗೋಡೆಯ ಮರೆಗೆ ಸರಿದು, ಸುಬೇದಾರರಿಗೆ ಫೋನು ಮಾಡಿ, ದನಿ ತಗ್ಗಿಸಿ ಕೇಳಿದ: "ಸಾರ್, ಇವತ್ತೇ ಬಂದು ರಿಪೋರ್ಟ್ ಮಾಡ್ಕೊಳ್ಲಾ?"

"ಇಂಥಾ ಸಿಪಾಯಿ ಇರ್ಬೇಕು ನೋಡ್ರೀ!" ಅತ್ತಲಿಂದ ಸುಬೇದಾರರ ದನಿ ಗದ್ಗದವಾಯಿತು. "ಆದ್ರೂ ಬ್ಯಾಡ. ಇನ್ನೂ ಹದಿನೈದು ದಿನ ಜಾಸ್ತಿನೇ ಕೊಡಿಸ್ತೀನಿ. ಮನೇಲಿ ಆರಾಮಾಗಿರಿ."