ನೀರನ್ನೂ ನಂಬದ ಡೈವಿಂಗ್ ಮಾವ

ನಮ್ಮ ಸೋದರಮಾವ ಭೂಮಿಯ ಮೇಲೆ ಯಾರನ್ನೂ ನಂಬುತ್ತಿರಲಿಲ್ಲ. ಭೂಮಿಯೇನು, ನೀರನ್ನೂ ನಂಬುತ್ತಿರಲಿಲ್ಲ! ಅಂಥವರು ಹೊಟ್ಟೆಪಾಡಿಗೆ ಆರಿಸಿಕೊಂಡ ಕೆಲಸ ಯಾವುದು ಗೊತ್ತೇ? ಚಿಮ್ಮುವ ಹಲಗೆಯ ಮೇಲಿಂದ ನೀರಿಗೆ ಹಾರುವುದನ್ನು ಮಕ್ಕಳಿಗೆ ಕಲಿಸುವುದು!

ಎಪ್ಪತ್ತರ ದಶಕದ ಮಾತು. ರಾಜಾಜಿನಗರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಅವರ ವಾಸ. ಒಂದು ಕಾಲಕ್ಕೆ ರಾಜ್ಯಮಟ್ಟದಲ್ಲಿ ಪದಕ ಗೆದ್ದ ಡೈವರ್. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಕೋಚ್. ವಿಜಯನಗರದ ಬಸ್ಸು ಬಂದರೆ, ಬೋರ್ಡು ಓದಿದ ಮೇಲೂ ಕಂಡಕ್ಟರನ್ನು ಕೇಳುವರು. ಅವನು ಹೌದೆಂದರೆ ಡ್ರೈವರನ್ನು ಕೇಳುವರು. ಅವನೂ ಹೌದೆಂದರೆ, "ಇಬ್ರೂ ಮೊದಲೇ ಮಾತಾಡ್ಕೊಂಡಿರ್ತಾರೆ ಕಣೇ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟುವರು!

ಬಸವೇಶ್ವರನಗರಕ್ಕೆ ಹೆಣ್ಣು ನೋಡಲು ಹೋದದ್ದನ್ನಂತೂ ಹೇಳಲೇಬೇಕು. ಹುಡುಗಿಯ ತಂದೆ ಒಳ್ಳೆಯ ಕುರ್ಚಿಯನ್ನೇ ಮುಂದಿಟ್ಟು, "ಕೂತ್ಕೊಳಿ" ಎಂದರು. ಮಾವ ಕೂರುವುದುಂಟೇ? ಡೈವಿಂಗ್ ಹಲಗೆಯನ್ನು ಪರೀಕ್ಷಿಸುವ ಹಾಗೆ ಎರಡೂ ಕೈಯಿಂದ ಅದುಮಿದರು, ಅಲ್ಲಾಡಿಸಿದರು. "ಗಟ್ಟಿಯಾಗಿದೆ ಕಣಪ್ಪಾ!" "ಇರ್ಲಿ ಸಾರ್, ಒಂದ್ಸಲ ನೋಡ್ಬಿಡ್ತೀನಿ." ಹುಡುಗಿ ಕಾಫಿ ತಟ್ಟೆ ಹಿಡಿದು ಬಂದಾಗ ವರಮಹಾಶಯರು ಕುರ್ಚಿಯ ಕೆಳಗೆ ಮಲಗಿದ್ದರು!

ದಾರಿಯುದ್ದಕ್ಕೂ ಅಮ್ಮ ಬೈದರು. ಮಾವ ಹೇಳಿದ್ದಿಷ್ಟೇ: "ಒಂದು ಸ್ಕ್ರೂ ಲೂಸಿತ್ತು ಕಣಕ್ಕಾ."

"ಅದು ಅವ್ರಿಗೂ ಗೊತ್ತಾಯ್ತು ಬಿಡೋ!"

ನಾನೂ ಅವರ ಬಳಿ ಕಲಿಯುತ್ತಿದ್ದ ಈಜುಕೊಳದಲ್ಲಿ ಇನ್ನೂ ಅತಿ. ಆಳ ಎಷ್ಟೆಂದು ಗೋಡೆಯ ಮೇಲೇ ಬರೆದಿತ್ತು. ಆದರೂ ದಿನಾ ಬೆಳಿಗ್ಗೆ ಉದ್ದನೆಯ ಬಿದಿರಿನ ಗಳ ಇಳಿಬಿಟ್ಟು ಅಳೆಯದೆ ನಮ್ಮನ್ನು ಹಲಗೆ ಹತ್ತಿಸುತ್ತಿರಲಿಲ್ಲ. "ಬರೆದಿದೆಯಲ್ಲ ಮಾವ?" ಎಂದರೆ, "ಬರೆದೋನು ಇವತ್ತು ಇಳಿದು ನೋಡಿದಾನಾ?" ಎನ್ನುವರು.

ಒಂದು ದಿನ ಮನೆಯಲ್ಲಿ ಅವರು ಗಳ ಇಳಿಬಿಟ್ಟು ಅಳೆಯುವುದನ್ನು ಅಭಿನಯಿಸಿ ಎಲ್ಲರನ್ನೂ ನಗಿಸುತ್ತಿದ್ದೆ. ಅಮ್ಮ ಮಾತ್ರ ನಗಲಿಲ್ಲ. "ಬೇರೆ ಊರಿನ ಪಂದ್ಯ ಕಣೇ. ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲವಂತೆ. ನಿನ್ನ ಮಾವ ಪ್ರಾಕ್ಟೀಸಿಗೆ ಹೋದ. ನೀರು ತುಂಬಿದೆ, ಹಾರಿ ಅಂದ್ರು ಅಲ್ಲಿಯೋರು. ನೋಡಿದ್ರೆ ಕೊಳ ತೊಳೆಯೋಕೆ ಅಂತ ಅರ್ಧ ಖಾಲಿ ಮಾಡಿಟ್ಟಿದ್ರು. ನಂಬಿ ಹಾರ್ದ. ಭುಜ ಮುರೀತು. ಅಲ್ಲಿಗೆ ಅವನ ಡೈವಿಂಗ್ ಮುಗೀತು" ಎಂದರು.

ಮರುವರ್ಷ ನಾನು ಮೊದಲ ಪಂದ್ಯಕ್ಕೆ ನಿಂತೆ. ಕೊಳ ನಮಗೆ ಹೊಸದು. ಗಳವನ್ನು ಬಸ್ಸಿಗೆ ಹತ್ತಿಸಲು ಕಂಡಕ್ಟರ್ ಬಿಟ್ಟಿರಲಿಲ್ಲ. ಮಾವ ಹಲಗೆಯನ್ನು ತುಳಿದು ನೋಡಿದರು, ಬೋಲ್ಟುಗಳನ್ನು ತಿರುಗಿಸಿ ನೋಡಿದರು, ಆಮೇಲೆ ಕೊಳದ ಅಂಚಿಗೆ ಬಂದು ಬಗ್ಗಿದರು. ಪಂದ್ಯ ನಡೆಸುವವರು ರೇಗಿದರು: "ನೀರು ಫುಲ್ ಇದೆ ಕಣ್ರೀ, ನಂಬಿ!"

ಆ ಕೊನೆಯ ಪದ ಕೇಳಿದ್ದೇ ತಡ, ಮಾವ ಚಪ್ಪಲಿ ಬಿಟ್ಟು ಪ್ಯಾಂಟು ಷರಟಿನ ಸಮೇತ ನೀರಿಗಿಳಿದೇಬಿಟ್ಟರು! ಗ್ಯಾಲರಿಯವರೆಲ್ಲ ಹೋ ಎಂದು ನಕ್ಕರು. ಮಾವ ಮುಳುಗಿದರು, ತಳ ಮುಟ್ಟಿ, ಒಂದೇ ಕೈ ಬಡಿಯುತ್ತಾ ಮೇಲೆ ಬಂದರು.

ಹಲಗೆಯ ಮೆಟ್ಟಿಲ ಬಳಿ ನಿಂತು ಕೇಳಿದೆ: "ಮಾವ, ನಾನೇ ತಪ್ಪು ಮಾಡ್ಬಿಟ್ರೆ?"

ಮೈಯಿಂದ ನೀರು ಸುರಿಯುತ್ತಿರುವಂತೆಯೇ ಅವರು ನನ್ನ ಮುಖ ನೋಡಿದರು. "ಬೋರ್ಡ್ ಮೇಲೆ ಅನುಮಾನ ಇತ್ತು, ನೋಡ್ದೆ. ನೀರಿನ ಮೇಲೂ ಇತ್ತು, ನೋಡ್ದೆ. ನಿನ್ನ ಮೇಲೆ ಇಲ್ಲ ಕಣೇ. ಹೋಗು."

ಹತ್ತಿದೆ. ಹಾರಿದೆ.

ನೀರಿನಿಂದ ತಲೆ ಎತ್ತಿದಾಗ ಅಂಕಗಳನ್ನು ಕೂಗುತ್ತಿದ್ದರು. ನನ್ನ ಕೋಚ್ ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಪಕ್ಕದಲ್ಲಿದ್ದ ಯಾರೋ ಅಪರಿಚಿತರ ತೋಳನ್ನು ಗಟ್ಟಿಯಾಗಿ ಹಿಡಿದು, ಮತ್ತೆ ಮತ್ತೆ ಕೇಳುತ್ತಿದ್ದರು:

"ಎದ್ಲಾ ಸಾರ್? ಹುಡುಗಿ ಮೇಲೆದ್ಲಾ?"