ಬಿಳಿ ಬಟ್ಟೆಯ ಕೆಳಗೆ ಸೋದರಮಾವ

ನನ್ನ ಸೋದರಮಾವ ಒಂದು ಮಧ್ಯಾಹ್ನ ಹೆಣವಾಗಿದ್ದು, ಸಂಜೆಯ ಕಾಫಿಗೆ ಮನೆಗೆ ಬಂದವರು! ನಗಬೇಡಿ. ಅವರಿಗೆ ಬಟ್ಟೆ ಹೊದಿಸಿದವನೇ ನಾನು.

ಎಪ್ಪತ್ತರ ದಶಕದ ಆರಂಭ. ಕಾಸರಗೋಡಿನ ಮಾವ ತಿರುವನಂತಪುರದಲ್ಲಿ ಮೆಡಿಕಲ್ ವಿದ್ಯಾರ್ಥಿಗಳಿಗೆ ಅಂಗರಚನಾಶಾಸ್ತ್ರ ಕಲಿಸುತ್ತಿದ್ದರು. ನನಗೆ ಅದೇ ಊರಿನ ಪಟ್ಟಂ ಬಡಾವಣೆಯಲ್ಲಿ ಗುಮಾಸ್ತೆ ಕೆಲಸ, ಮಾವನ ಮನೆಯಲ್ಲಿ ಊಟ. ತಮ್ಮ ಪಾಠ ಹೇಗಿತ್ತೆಂದು ತಿಳಿದುಕೊಳ್ಳುವ ಹುಚ್ಚು ಅವರಿಗೆ. ದಿನವೂ ಕ್ಲಾಸಿನ ಕೊನೆಗೆ ಕೇಳುವುದು, ಹುಡುಗರು ಒಂದೇ ಸ್ವರದಲ್ಲಿ “ವಳರೆ ನನ್ನಾಯಿರುನ್ನು ಸಾರ್!” ಎನ್ನುವುದು. ಬಹಳ ಚೆನ್ನಾಗಿತ್ತಂತೆ! ಪಾಸು ಮಾಡುವವರ ಮುಖದೆದುರು ಬೇರೇನು ಹೇಳಿಯಾರು?

ಪರೀಕ್ಷಿಸಲೆಂದೇ ಮಾವ ಒಂದು ದಿನ ಯಕೃತ್ತು ಎಡಗಡೆ ಇದೆ ಎಂದು ಪಾಠ ಮಾಡಿದರು. ಬಹಳ ಚೆನ್ನಾಗಿತ್ತು! ಮರುದಿನ ಅದನ್ನು ಬಲಗಡೆಗೆ ತಂದರು. ಅದೂ ಬಹಳ ಚೆನ್ನಾಗಿತ್ತು!

ಆ ರಾತ್ರಿ ಮಾವ ಊಟದ ತಟ್ಟೆ ಸರಿಸಿಬಿಟ್ಟರು. “ಜೀವ ಇರುವವನ ಎದುರು ಯಾರು ಸತ್ಯ ಹೇಳ್ತಾರೆ ಮಾರಾಯ?”

ಆ ಮಾತಿನ ಅರ್ಥ ನನಗಾದದ್ದು ಶನಿವಾರ, ಮಾವ ನನ್ನನ್ನೂ ಕರೆದೊಯ್ದ, ಹೆಣಗಳನ್ನು ಕೊಯ್ದು ಕಲಿಯುವ ಆ ಉದ್ದನೆಯ ಕೋಣೆಯಲ್ಲಿ. ಹೊರಗೆ ಮೋಡ ಕವಿದು ಹಗಲೇ ಕತ್ತಲಾಗಿತ್ತು. ಕಣ್ಣುರಿಸುವ ಔಷಧಿಯ ವಾಸನೆ. ಸಾಲು ಮೇಜುಗಳ ಮೇಲೆ ಬಿಳಿ ಬಟ್ಟೆ ಹೊದ್ದವರು. ಮಾವ ಒಂದು ಖಾಲಿ ಮೇಜು ಹತ್ತಿ ಮಲಗಿದರು. “ಮುಖ ಮುಚ್ಚು. ಹುಡುಗರು ಎಂತ ಹೇಳ್ತಾರೆ ನೋಡುವ.”

ನಾನು ಕಪಾಟಿನ ಹಿಂದೆ ನಿಂತೆ. ಹುಡುಗರು ಬಂದರು. “ಇನ್ನ್ ಸಾರ್ ಇಲ್ಲ! ರಕ್ಷಪ್ಪೆಟ್ಟು!” ಎಂದು ಕೇಕೆ ಹಾಕಿ ಸಿನಿಮಾಕ್ಕೆ ಓಡಿದರು. ಇವತ್ತು ಸಾರ್ ಇಲ್ಲ, ಬದುಕಿಕೊಂಡರಂತೆ!

ಮಾವನನ್ನು ಎಬ್ಬಿಸಲು ಹೋದೆ. ಆ ಕತ್ತಲಲ್ಲಿ ಯಾವ ಮೇಜು? ಎಲ್ಲ ಬಟ್ಟೆಗಳೂ ಒಂದೇ ಥರ ಉಬ್ಬಿದ್ದವು. “ಮಾವಾ…” ಎಂದೆ. ಯಾರೂ ಓಗೊಡಲಿಲ್ಲ. ಒಂದು ಬಟ್ಟೆಯ ಅಂಚು ಹಿಡಿದೆ. ಕೆಳಗೆ ಕಂಡ ಕಾಲ್ಬೆರಳು ಬೂದು ಬಣ್ಣದ್ದು. ಬಟ್ಟೆ ಬಿಟ್ಟುಬಿಟ್ಟೆ. ಅಷ್ಟರಲ್ಲಿ ಹೆಜ್ಜೆ ಸಪ್ಪಳ. ಮತ್ತೆ ಕಪಾಟಿನ ಹಿಂದೆ!

ಒಬ್ಬ ಹುಡುಗಿ ಒಂಟಿಯಾಗಿ ಒಳಬಂದಳು. ಕಿಟಕಿಯ ಪಕ್ಕದ ಮೇಜಿನ ಬಳಿ ನಿಂತು, ಬಟ್ಟೆಯೊಳಗಿನವರನ್ನು ಅಜ್ಜ ಎಂದು ಕರೆದು ಮಲಯಾಳದಲ್ಲಿ ಮಾತಾಡತೊಡಗಿದಳು.

“ಅಪ್ಪೂಪ್ಪಾ, ಕ್ಷಮಿಸಿ. ಸಾರ್ ಕೇಳಿದಾಗೆಲ್ಲ ಚೆನ್ನಾಗಿತ್ತು ಅಂತೇನೆ. ಆದರೆ ಒಂದಕ್ಷರವೂ ತಲೆಗೆ ಹೋಗಿಲ್ಲ. ನಿಮ್ಮ ಮುಖ ನೋಡ್ಲಿಕ್ಕೇ ಹೆದರಿಕೆ. ಅದನ್ನು ಹೇಳಿದ್ರೆ ನೀನು ಡಾಕ್ಟರಾಗಲು ಲಾಯಕ್ಕಿಲ್ಲ ಅಂತಾರೆ.”

ಬಟ್ಟೆಯಿಂದ ಹೊರಬಂದಿದ್ದ ಕೈಯನ್ನು ಅವಳು ಧೈರ್ಯ ಮಾಡಿ ಮುಟ್ಟಿದಳು. ಬೆಚ್ಚಗಿತ್ತು!

ನಾನಾಗಿದ್ದರೆ ಅಲ್ಲೇ ಇನ್ನೊಂದು ಹೆಣ ಬೀಳುತ್ತಿತ್ತು. ಅವಳ ಬೆರಳುಗಳು ಮಣಿಕಟ್ಟಿಗೆ ಜಾರಿ, ಸರಿಯಾದ ಜಾಗದಲ್ಲಿ ನಾಡಿ ಹಿಡಿದವು. ಕೈಯ ಗುರುತು ಹತ್ತಿ ಮೆಲ್ಲನೆ ಕೇಳಿದಳು: “ಸಾರ್?”

“ಹೂಂ,” ಎಂದಿತು ಬಟ್ಟೆ.

ಅವಳು ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಮಾವ ಎದ್ದು ಇಳಿದು, ತಾವೂ ಅವಳೆದುರು ನೆಲದ ಮೇಲೇ ಕೂತರು. “ಮೋಳೇ, ಮಗಳೇ, ಮೊದಲ ದಿನ ನಾನು ಬಾಗಿಲಿನಿಂದಲೇ ಓಡಿದವ. ಸೋಮವಾರ ಬೇಗ ಬಾ. ಮುಖದಿಂದಲೇ ಶುರು ಮಾಡುವ, ಇಬ್ಬರೂ ಒಟ್ಟಿಗೆ.”

ಅವಳು ಅಳುತ್ತಲೇ ತಲೆಯಾಡಿಸಿದಳು.

ಇಬ್ಬರೂ ಮನೆಯ ದಾರಿ ಹಿಡಿದೆವು. ನಾನೇ ಕೆಣಕಿದೆ, “ಕರೆದಾಗ ಯಾಕೆ ಓಗೊಡಲಿಲ್ಲ ಮಾವ? ನನ್ನ ಜೀವವೇ ಹೋಗಿತ್ತು!”

ಮಾವ ರಸ್ತೆಯ ಬದಿಗೆ ನಿಂತರು. “ಸ್ವರ ಹೊರಡಲಿಲ್ಲ ಮಾರಾಯ,” ಎಂದರು. “ಇಷ್ಟು ವರ್ಷ ಸತ್ತವರ ಪಕ್ಕ ನಿಂತಿದ್ದೇನೆ, ಸಾಲಿನಲ್ಲಿ ಮಲಗಿದ್ದು ಇವತ್ತೇ. ಸ್ವಲ್ಪ ಕೈ ಹಿಡ್ಕೊ.”

ಹಿಡಿದೆ. ಮನೆ ಮುಟ್ಟುವವರೆಗೂ ಅವರು ಬಿಡಲಿಲ್ಲ.