ಸೊಟ್ಟ ಬಿರಡೆಯ ನಮೂನೆ

ಆರ್ಕೆಸ್ಟ್ರಾದಲ್ಲಿ ಬಾಸ್ ಗಿಟಾರ್ ನುಡಿಸುವವನಿಗೂ ಮದುವೆಯ ಪಂಕ್ತಿಯಲ್ಲಿ ಉಪ್ಪು ಬಡಿಸುವವನಿಗೂ ಅಂಥ ವ್ಯತ್ಯಾಸವೇನಿಲ್ಲ. ಇದ್ದಾಗ ಯಾರೂ ಅವನ ಮುಖ ನೋಡುವುದಿಲ್ಲ. ಇಲ್ಲದಿದ್ದಾಗ ಮಾತ್ರ ಇಡೀ ಪಂಕ್ತಿ ತಲೆಯೆತ್ತಿ ಕೂಗುತ್ತದೆ. ನಾನು ಹಗಲು ಹೊತ್ತು ಬಳ್ಳಾರಿಯ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತ. ಮುಹೂರ್ತವಿದ್ದ ದಿನ ಸಂಜೆ ಬಾಸ್ ಗಿಟಾರಿಸ್ಟ್. ಪಾರ್ವತಿನಗರದ ನಮ್ಮ ಬೀದಿಯಲ್ಲಿ ಆಚಾರ್ರ ಮನೆಯವನೊಬ್ಬ ಮಿಂಚುವ ಕಪ್ಪು ಅಂಗಿ ತೊಟ್ಟು, ಗಿಟಾರ್ ಹೆಗಲಿಗೇರಿಸಿ ಹೊರಡುವುದನ್ನು ಮೊದಮೊದಲು ಜನ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಆಮೇಲೆ ಗಣಿ ಬಂತು. ಕಿಟಕಿಯಿಂದ ನೋಡುವುದಕ್ಕೆ ಇನ್ನೂ ಒಳ್ಳೊಳ್ಳೆಯ ಸಂಗತಿಗಳು ಸಿಕ್ಕಿದ್ದರಿಂದ ನನ್ನನ್ನು ಕೈಬಿಟ್ಟರು.

ಆಗ ನಮ್ಮೂರಲ್ಲಿ ಎಲ್ಲವೂ ಮೇಲ್ದರ್ಜೆಗೆ ಏರುತ್ತಿದ್ದ ಕಾಲ. ನಿನ್ನೆಯವರೆಗೆ ಸೈಕಲ್ಲಿನ ಚೈನು ಕೈಯಿಂದ ಏರಿಸಿಕೊಳ್ಳುತ್ತಿದ್ದವನು ಇವತ್ತು ಕಾರಿನ ಗಾಜನ್ನು ಗುಂಡಿ ಒತ್ತಿ ಇಳಿಸಿ "ಆಚಾರ್ರೆ, ಆರಾಮೇನ್ರಿ?" ಎಂದು ಕೇಳುತ್ತಿದ್ದ. ಇಳಿಸಿದಷ್ಟೇ ಬೇಗ ಏರಿಸುತ್ತಲೂ ಇದ್ದ, ಯಾಕೆಂದರೆ ಅದಿರಿನ ಕೆಂಪು ಧೂಳು ಒಳಗೆ ಬರುತ್ತಿತ್ತು. ನನ್ನ ಆರಾಮಿನ ವಿವರ ಅರ್ಧಕ್ಕೇ ನಿಲ್ಲುತ್ತಿತ್ತು. ನಮ್ಮ ಕಚೇರಿಯ ಜವಾನ ಅದಿರು ಸಾಗಿಸಲು ಎರಡು ಟಿಪ್ಪರ್ ಲಾರಿ ಹಾಕಿದ. ಅವನು ಕೆಲಸ ಬಿಟ್ಟಿರಲಿಲ್ಲ. ಗಂಟೆ ಹೊಡೆಯುವುದಕ್ಕೆ ಒಬ್ಬನನ್ನು ಇಟ್ಟುಕೊಂಡಿದ್ದ. ಪರದೇಶದಿಂದ ಬಂದ ದೈತ್ಯ ಲಾರಿಯ ಗೇರು ಮುರಿದರೆ ಸಂಜೆಯೊಳಗೆ ಬಳ್ಳಾರಿಯಲ್ಲಿ ಹೊಸದು ಸಿಗುತ್ತಿತ್ತು. ನನ್ನ ಬಾಸ್ ಗಿಟಾರಿನ ಒಂದು ತಿರುಪು ಮಾತ್ರ ಸಿಗುತ್ತಿರಲಿಲ್ಲ.

ಆ ಗಿಟಾರಿನ ಕುಲಗೋತ್ರ ಹೇಳಿಬಿಡುತ್ತೇನೆ. ಅಗ್ಗದ್ದು. ತಲೆಯ ಮೇಲೆ ಕಂಪನಿಯ ಹೆಸರಿನ ಚೀಟಿ ಅಂಟಿಸಿದ್ದರು. ಬೆವರಿಗೆ ಅದು ಎದ್ದುಹೋಗಿ ಮೊದಲಿನ ಮೂರು ಅಕ್ಷರ ಉಳಿದಿದ್ದವು. ಬಾಸ್ ಗಿಟಾರಿಗೆ ದಪ್ಪನೆಯ ನಾಲ್ಕು ತಂತಿ, ಆ ತಂತಿ ಬಿಗಿಯುವುದಕ್ಕೆ ನಾಲ್ಕು ಬಿರಡೆ. ಅದರಲ್ಲಿ ಎರಡು ಬಿರಡೆಗಳ ಹಲ್ಲು ಉದುರಿ, ತಂತಿ ಹಾಡಿನ ನಡುವೆಯೇ ಸಡಿಲಗೊಳ್ಳುತ್ತಿತ್ತು. ಉಳಿದೆರಡು, ಒಮ್ಮೆ ಸಿರುಗುಪ್ಪದ ರಸ್ತೆಯಲ್ಲಿ ವ್ಯಾನಿನ ಮೇಲಿಂದ ಗಿಟಾರ್ ಬಿದ್ದಾಗಿನಿಂದ, ಸಭೆಯಲ್ಲಿ ತೂಕಡಿಸುವವರ ಹಾಗೆ ಎಡಕ್ಕೆ ವಾಲಿದ್ದವು. ವರ್ಷಗಟ್ಟಲೆ ನೋಡಿ ನೋಡಿ ಅವು ನೆಟ್ಟಗಿವೆ ಎಂದೇ ನನ್ನ ಕಣ್ಣು ಒಪ್ಪಿಕೊಂಡಿತ್ತು. ಇನ್ನು ನನ್ನ ವಿದ್ಯೆ. ಗುರು ಎಂದು ನನಗಿದ್ದದ್ದು ಮನೆಯ ಹಳೆಯ ಟೇಪ್ ರೆಕಾರ್ಡರ್. ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಒಂದೊಂದು ಸಾಲನ್ನು ನೂರು ಸಲ ಹಿಂದಕ್ಕೆ ತಿರುಗಿಸಿ ಕೇಳಿ, ಕೇಳಿದ್ದನ್ನು ಕೇಳಿದ ಹಾಗೇ ಕಲಿತವನು ನಾನು. ಆ ಟೇಪು ಅಲ್ಲಲ್ಲಿ ಸ್ವಲ್ಪ ಎಳೆದು ಹಾಡುತ್ತಿತ್ತು. ಆ ಎಳೆತವನ್ನು ನಾನು ಭಾವ ಎಂದು ತಿಳಿದು ಅದನ್ನೂ ಕಲಿತಿದ್ದೆ.

ನಮ್ಮ ಆರ್ಕೆಸ್ಟ್ರಾದ ಯಜಮಾನ ಗಾದಿಲಿಂಗ. ವಯಸ್ಸಿನಲ್ಲಿ ನನಗಿಂತ ಚಿಕ್ಕವನಾದರೂ ಡ್ರಮ್ಮು ಬಾರಿಸುತ್ತಾನಾದ್ದರಿಂದ ಅವನ ಮಾತಿಗೆ ಎದುರಿಲ್ಲ. ಸಿರುಗುಪ್ಪದಲ್ಲಿ ಒಂದು ಆರತಕ್ಷತೆ ಮುಗಿಸಿ ವೈರು ಸುತ್ತುತ್ತಿದ್ದಾಗ ಅವನು ಹತ್ತಿರ ಬಂದು ಕೂತ.

"ಆಚಾರ್ರೆ, ಬಾಸು ಜಗ್ತೈತಿ. ಎರಡನೇ ಸಾಲಿಗೆ ಬಂದ್ರ ಸಾಕು, ಯಾರೋ ಹಿಂದಿಂದ ಅಂಗಿ ಹಿಡಿದು ಎಳದಂಗ ಆಕೈತಿ."

"ನನ್ನದೇನ್ ತಪ್ಪಪಾ? ಗಿಟಾರ್ ನೋಡು, ಬಿರಡಿ ನೋಡು."

"ಅದಕ್ಕಾ ಹೇಳ್ತೀನಿ. ಕುರುಗೋಡಿನ ಪ್ರೋಗ್ರಾಂ ಐತಲ್ರಿ, ಅದ್ರೊಳಗ ರಿಪೇರಿ ಮಾಡಿಸ್ರಿ. ಇಲ್ಲಾಂದ್ರ ಕೀಬೋರ್ಡಿನವನು ಎಡಗೈಲೆ ಬಾಸ್ ನುಡಿಸ್ತೀನಿ ಅಂತಾನ. ನನಗೂ ವ್ಯಾನಿನಾಗ ಒಂದು ಸೀಟು ಉಳೀತೈತಿ."

ಹದಿನೈದು ವರ್ಷದ ಕಲಾಸೇವೆಯನ್ನು ಒಬ್ಬ ಮನುಷ್ಯನ ಎಡಗೈ, ಅದೂ ಬಿಡುವಾಗಿದ್ದ ಎಡಗೈ, ಕಸಿದುಕೊಳ್ಳುತ್ತದೆ ಎಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ನನಗೆ ಭಯವೂ ಆಯಿತು. ಗುಮಾಸ್ತನ ಕೆಲಸ ಹೋದರೆ ಬೇರೆ ಕಡೆ ಗುಮಾಸ್ತನಾಗಬಹುದು. ಈ ಕಪ್ಪು ಅಂಗಿ ಬಿಚ್ಚಿದರೆ ನಾನು ಮತ್ತೆ ಬರೀ ಗುಮಾಸ್ತ. ಗಿಟಾರನ್ನು ಬುಡದಿಂದ ತುದಿಯವರೆಗೆ ಸರಿಮಾಡಿಸಿ ಎಲ್ಲರ ಬಾಯಿ ಮುಚ್ಚಿಸಬೇಕೆಂದು ಹಟ ತೊಟ್ಟೆ.

ಬೆಂಗಳೂರಿನ ಒಂದು ವಾದ್ಯದಂಗಡಿಗೆ ಫೋನು ಮಾಡಿ ಹೊಸ ಬಿರಡೆಗಳನ್ನೂ, ತಂತಿಯ ಬುಡ ಹಿಡಿಯುವ ಬ್ರಿಜ್ಜನ್ನೂ ಕೇಳಿದೆ. ಅಂಗಡಿಯವರು ಸಂಬಂಧ ಕೇಳಲು ಬಂದವರ ಹಾಗೆ "ಯಾವ ಕಂಪನಿ ಸಾರ್?" ಎಂದರು. ಮೂರು ಅಕ್ಷರ ಹೇಳಿದೆ. ಉಳಿದದ್ದಕ್ಕಾಗಿ ಸ್ವಲ್ಪ ಹೊತ್ತು ಕಾದು, ನಕ್ಕು, "ಕಳಿಸ್ತೀವಿ, ಎಲ್ಲಕ್ಕೂ ಫಿಟ್ ಆಗತ್ತೆ" ಎಂದರು. ಲೋಕದಲ್ಲಿ ಎಲ್ಲಕ್ಕೂ ಹೊಂದುವಂಥದ್ದು ಯಾವುದೂ ನಮ್ಮ ಮನೆಯದಕ್ಕೆ ಹೊಂದುವುದಿಲ್ಲ ಎಂಬುದು ನನಗೆ ಆಗ ತಿಳಿದಿರಲಿಲ್ಲ. ಪಾರ್ಸೆಲ್ ಬಂತು. ಬಿರಡೆಗಳು ನನ್ನ ಗಿಟಾರಿನ ತೂತಿಗಿಂತ ಕೂದಲೆಳೆಯಷ್ಟು ದಪ್ಪ. ಬ್ರಿಜ್ಜಿಗೆ ತಿರುಪು ಕೂರಿಸಲು ಐದು ತೂತು, ನನ್ನ ಗಿಟಾರಿಗೆ ನಾಲ್ಕು. ಅವುಗಳಲ್ಲಿ ಒಂದಾದರೂ ಇನ್ನೊಂದರ ಮುಖ ನೋಡಬಾರದೇ? ಜೊತೆಗೆ ಬಂದ ರಬ್ಬರ್ ವಾಶರ್ ಎಲ್ಲಿಗೆಂದು ಗೊತ್ತಾಗದೆ ಅಡುಗೆಮನೆಯ ಕಟ್ಟೆಯ ಮೇಲಿಟ್ಟಿದ್ದೆ.

ನನ್ನ ಹೆಂಡತಿ ಸುಧಾ ಅದನ್ನು ಹಿಡಿದುಕೊಂಡು ಬಂದಳು. "ಅಲ್ರೀ, ಇದು ಮಿಕ್ಸರ್ ಜಾರಿಗೆ ಬರೋಬ್ಬರಿ ಕೂತ್ಕೊಂಡ್ತು ನೋಡ್ರಿ! ಆರು ತಿಂಗಳಿಂದ ಚಟ್ನಿ ಸೋರ್ತಿತ್ತು." ಮದುವೆಯಾದ ಮೇಲೆ ನನ್ನ ಸಂಗೀತದಿಂದ ಮನೆಗೆ ಆದ ಮೊದಲ ಉಪಕಾರ ಅದು. ಬ್ರಿಜ್ಜನ್ನು ಅವಳು ಊದುಬತ್ತಿ ಚುಚ್ಚಲು ದೇವರ ಕೋಣೆಗೆ ಒಯ್ಯುವುದರಲ್ಲಿದ್ದಳು. ಐದು ತೂತು, ಐದು ಊದುಬತ್ತಿ. ಓಡಿಹೋಗಿ ಕಸಿದುಕೊಂಡೆ.

ಅಷ್ಟರಲ್ಲಿ ಕರೂರಿನಲ್ಲಿ ನನ್ನಂಥದೇ ಗಿಟಾರ್ ಒಂದು ಗೋಡೆಗೆ ನೇತುಬಿದ್ದಿದೆಯೆಂದು ಸುದ್ದಿ ಬಂತು. ಒಂದು ರಜೆ ಹಾಕಿ, ಸಿರುಗುಪ್ಪದಲ್ಲಿ ಬಸ್ಸು ಬದಲಿಸಿ, ಭತ್ತದ ಗದ್ದೆಗಳ ನಡುವೆ ಆ ಮನೆ ಹುಡುಕಿಕೊಂಡು ಹೋದೆ. ಮನೆಯ ಯಜಮಾನರು ಬಸವರಾಜ, ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾರೆ, ಒಂದು ಕಾಲಕ್ಕೆ ಬ್ಯಾಂಡಿನಲ್ಲಿದ್ದವರು. ನನ್ನ ಹೆಗಲಿನ ಗಿಟಾರ್ ನೋಡಿದ್ದೇ ಅವರ ಮುಖ ಅರಳಿತು.

"ಬರ್ರಿ ಬರ್ರಿ! ನಾನಾ ಬಳ್ಳಾರಿಗೆ ಬರೋನಿದ್ದೆ. ಇದನ್ನ ಕೊಡಾಕ ತಂದೀರೇನ್ರಿ?"

"ಇಲ್ರಿ, ನಿಮ್ಮದನ್ನ ಕೇಳಾಕ ಬಂದೀನಿ."

ಇಬ್ಬರ ಮುಖವೂ ಒಟ್ಟಿಗೆ ಬಾಡಿತು. ಎರಡನ್ನೂ ಮಂಚದ ಮೇಲೆ ಅಕ್ಕಪಕ್ಕ ಮಲಗಿಸಿ ನೋಡಿದೆವು. ಅವರದರಲ್ಲೂ ಹಲ್ಲು ಉದುರಿದ್ದು ಅವೇ ಎರಡು ಬಿರಡೆ. ಇಡೀ ಗಿಟಾರಿನಲ್ಲಿ ಯಾವುದನ್ನೂ ಅಳತೆಗೆ ಸರಿಯಾಗಿ ಮಾಡದ ಕಂಪನಿ, ಮುರಿಯುವ ಜಾಗವನ್ನು ಮಾತ್ರ ಒಂದಿಷ್ಟೂ ತಪ್ಪದೆ ಮಾಡಿತ್ತು. ಅವರ ಒಳ್ಳೆಯ ಬಿರಡೆಗಳ ಮೇಲೆ ನಾನು, ನನ್ನವುಗಳ ಮೇಲೆ ಅವರು, ಊಟ ಮುಗಿಯುವವರೆಗೂ ಕಣ್ಣಿಟ್ಟು ಕೂತಿದ್ದೆವು. ಕೊನೆಗೆ ಅವರೇ ಬಸ್ಸಿನವರೆಗೆ ಬಂದು, "ಯಾವಾಗರ ಮನಸ್ಸು ಬದಲಾದ್ರ ಹೇಳ್ರಿ" ಎಂದರು. ನಾನೂ ಅದನ್ನೇ ಹೇಳಿ ಬಸ್ಸು ಹತ್ತಿದೆ.

ಕೊನೆಗೆ ಉಳಿದದ್ದು ಕೌಲ್ ಬಜಾರಿನಲ್ಲಿ ಕಬ್ಬಿಣ ಕಡೆಯುವ ಖಾಜಾಸಾಬರ ಲೇತು. ಅವರ ತಂದೆ ಹಾರ್ಮೋನಿಯಂ ರಿಪೇರಿಯವರು. ಮಗ ಟಿಪ್ಪರಿನ ಬುಷ್ಷು, ಪಿನ್ನುಗಳ ಕಡೆ ತಿರುಗಿದವರು. ಅಂಗಡಿಯ ಮುಂದೆ ಚಾಲಕರ ಗದ್ದಲ. ಮಣಗಟ್ಟಲೆ ತೂಗುವ ಕಬ್ಬಿಣ ಹಿಡಿದು ನಿಂತವರ ಸಾಲಿನಲ್ಲಿ ಬೆರಳುದ್ದದ ಸಾಮಾನು ಹಿಡಿದು ನಾನು ಮೂರು ದಿನ ನಿಂತೆ. ಮೂರನೆಯ ದಿನ ಒಬ್ಬ ಚಾಲಕ ಮರುಕಪಟ್ಟು, "ನಿಮ್ಮ ಗಾಡಿ ಎಲ್ಲಿ ನಿಂತೈತ್ರಿ?" ಎಂದು ಕೇಳಿದ. ಪಾರ್ವತಿನಗರದಲ್ಲಿ ಎಂದೆ.

ನಾನು ಕಾಗದದ ಮೇಲೆ ಚಿತ್ರ ಬರೆದು, ಅಳತೆ ನಮೂದಿಸಿ, ಗುಮಾಸ್ತನಿಗೆ ತಕ್ಕ ಹಾಗೆ ಕೆಳಗೆ ಸಹಿ ಮಾಡಿ ಒಯ್ದಿದ್ದೆ. ಖಾಜಾಸಾಬರು ಅದರಲ್ಲಿ ಕೈಯ ಎಣ್ಣೆ ಒರೆಸಿಕೊಂಡರು.

"ಆಚಾರ್ರೆ, ಕಾಗದ ನೋಡಿ ನಾ ಏನೂ ಮಾಡಲ್ಲ. ನಮ್ಮ ಕೈಗೆ ನಮೂನಿ ಬೇಕು. ಹಳೇ ಸಾಮಾನು ಕೊಡ್ರಿ, ಅಂಥದ್ದಾ ಮಾಡಿ ಕೊಡ್ತೀನಿ."

ಹಲ್ಲು ಉಳಿದಿದ್ದ ಎರಡರಲ್ಲಿ ಒಂದು ಬಿರಡೆ ಬಿಚ್ಚಿ ಕೊಟ್ಟೆ. ಬೆಂಗಳೂರಿನಿಂದ ಏಟು ತಿಂದವನು ನಾನು, ಬೆರಳೆತ್ತಿ ಎಚ್ಚರಿಸಿದೆ. "ಸಾಬ್ರೆ, ನಾಲ್ಕೂ ಹಿಂಗಾ ಇರ್ಬೇಕು. ಕೂದಲೆಳಿಯಷ್ಟು ಫರಕ್ ಆಗಬಾರ್ದು."

ಅವರು ಬಿರಡೆಯನ್ನು ಬೆಳಕಿಗೆ ಹಿಡಿದು ನೋಡಿದರು. ನನ್ನನ್ನೂ ನೋಡಿದರು. "ಹಿಂಗಾ ಬೇಕೇನ್ರಿ?"

"ಹಿಂಗಾ."

"ಇನ್ನೊಮ್ಮಿ ನೋಡ್ರಿ."

"ಹತ್ತು ವರ್ಷದಿಂದ ನೋಡಾಕತ್ತೀನ್ರಿ!" ಎಂದೆ.

ಎರಡು ದಿನ ಬಿಟ್ಟು ಹೋದಾಗ ಕೆಂಪು ಬಟ್ಟೆಯ ಮೇಲೆ ನಾಲ್ಕು ಬಿರಡೆ ಇಟ್ಟು ತೋರಿಸಿದರು. ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಹಲ್ಲು ಹಲ್ಲಿಗೆ ಕೂಡುತ್ತಿತ್ತು. ನಾಲ್ಕಕ್ಕೆ ನಾಲ್ಕೂ, ಒಂದೇ ತಾಯಿಯ ಮಕ್ಕಳ ಹಾಗೆ, ಎಡಕ್ಕೆ ವಾಲಿದ್ದವು. ಹೊಸ ಲೋಹದಲ್ಲಿ ನೋಡಿದಾಗಲೇ ನನಗೆ ಆ ಸೊಟ್ಟ ಕಂಡದ್ದು.

"ಇದೇನ್ರಿ ಸಾಬ್ರೆ, ಸೊಟ್ಟ ಅದಾವಲ್ಲ!"

"ನಿಮ್ಮ ನಮೂನಿ ಸೊಟ್ಟ ಐತ್ರಿ. ಎರಡು ಸಲ ಕೇಳೀನಿ. ಕೂದಲೆಳಿ ಫರಕ್ ಬ್ಯಾಡ ಅಂದ್ರಿ." ಹಣೆಯ ಬೆವರು ಒರೆಸಿಕೊಂಡು ಅವರು ಬಹಳ ನೊಂದು ಹೇಳಿದರು, "ನೆಟ್ಟಗ ಮಾಡಾಕ ಎಷ್ಟೊತ್ತ್ರಿ? ನಾಲ್ಕನ್ನೂ ಒಂದಾ ಥರ ಬಗ್ಗಿಸಾಕ ನಂಗ ಅರ್ಧ ದಿನ ಹಿಡೀತು!"

ನನಗೆ ನಾಚಿಕೆಯಾಯಿತು. ಟಿಪ್ಪರಿನವರೆಲ್ಲ ನಗುತ್ತಿದ್ದರು. ಖಾಜಾಸಾಬರು ಮಾತ್ರ ನಗಲಿಲ್ಲ. ಎದುರಿನ ಅಂಗಡಿಯಿಂದ ಚಹಾ ತರಿಸಿ, ಅದು ಆರುವುದರೊಳಗೆ ನಾಲ್ಕನ್ನೂ ನೆಟ್ಟಗೆ ಮಾಡಿ ನಾನು ತಂದಿದ್ದ ಗಿಟಾರಿಗೆ ಕೂಡಿಸಿದರು. "ನಮ್ಮ ಅಬ್ಬಾ ಇದ್ದಿದ್ರ ಇದನ್ನ ನೋಡಿ ಖುಷಿ ಪಡ್ತಿದ್ರು" ಎನ್ನುತ್ತ ಹಿತ್ತಾಳೆಯ ಪಟ್ಟಿಯೊಂದರಲ್ಲಿ ಗಿಟಾರಿನ ನಾಲ್ಕಕ್ಕೂ ಬ್ರಿಜ್ಜಿನ ಐದಕ್ಕೂ ಹೊಂದುವ ತೂತು ಕೊರೆದು, ಊದುಬತ್ತಿಯ ಪಾಲಾಗಬೇಕಿದ್ದ ಬ್ರಿಜ್ಜನ್ನೂ ಅದರ ಮೇಲೆ ಕೂರಿಸಿಕೊಟ್ಟರು. ತಂತಿ ಬಿಗಿದು ಮೀಟಿದೆ. ಲೇತಿನ ಸದ್ದಿನ ನಡುವೆಯೂ ಆ ನಾದ ತುಂಬಿ ಬಂತು. ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರಾಡಿತು.

ಕುರುಗೋಡಿನ ಕಾರ್ಯಕ್ರಮ ಒಬ್ಬ ಲಾರಿ ಮಾಲೀಕನ ಮಗಳ ನಿಶ್ಚಿತಾರ್ಥ. ವೇದಿಕೆಯ ಮೇಲೆ ಲಾರಿ ತಿರುಗಿಸಿಕೊಳ್ಳುವಷ್ಟು ಜಾಗ. ಕೀಬೋರ್ಡಿನವನ ಎಡಗೈಯನ್ನು ಒಮ್ಮೆ ತಾತ್ಸಾರದಿಂದ ನೋಡಿ ಶುರುಮಾಡಿದೆ. ನನ್ನ ಬಾಸು ಅಷ್ಟು ಸ್ಪಷ್ಟವಾಗಿ ಎಂದೂ ಕೇಳಿದ್ದಿಲ್ಲ. ಮುಂದೆ ಕೂತಿದ್ದ ಹಿರಿಯರು ಎದೆ ಮುಟ್ಟಿಕೊಂಡರು. ಹಾಡಿನ ಎರಡನೆಯ ಸಾಲು ಬಂತು. ಹಾಡುವವಳು ಮುಂದೆ ಹೋದಳು, ಡ್ರಮ್ಮು ಮುಂದೆ ಹೋಯಿತು, ನಾನು ಎಂದಿನ ಹಾಗೆ ಭಾವ ಹಾಕಿದೆ. ಅದುವರೆಗೆ ಗಿಟಾರಿನ ಕಡೆ ನೋಡುತ್ತಿದ್ದ ಗಾದಿಲಿಂಗ ಮೊದಲ ಸಲ ನನ್ನ ಮುಖ ನೋಡಿದ. ಮುಂದಿನ ಹಾಡಿನ ಎರಡನೆಯ ಸಾಲಿನಲ್ಲೂ ನೋಡಿದ. ಅದರ ಮುಂದಿನದರಲ್ಲಿ ಇಡೀ ಆರ್ಕೆಸ್ಟ್ರಾ ನೋಡಿತು.

ಮುಗಿದ ಮೇಲೆ ಅವನು ಮೆಲ್ಲಗೆ ಹೇಳಿದ. "ಆಚಾರ್ರೆ, ಗಿಟಾರ್ ಭಾಳ ಚೊಲೊ ಆಗೈತಿ. ಪಾಪ, ಇಷ್ಟು ದಿನ ಅದನ್ನ ಸುಮ್ಮನಾ ಬೈದ್ವಿ." ಮುಂದಿನ ಕಾರ್ಯಕ್ರಮಗಳಲ್ಲಿ ಬಾಸು ಕೀಬೋರ್ಡಿನ ಎಡಗೈಯದು ಎಂದಾಯಿತು. ಆದರೆ ಲಾರಿ ಮಾಲೀಕರ ವೇದಿಕೆಗಳು ದೊಡ್ಡವು, ತುಂಬಿದ ಹಾಗೆ ಕಾಣಬೇಕು. ಆದ್ದರಿಂದ ನಾನು ಕಪ್ಪು ಅಂಗಿ ತೊಟ್ಟು ಗಿಟಾರ್ ಹಿಡಿದು ನಿಲ್ಲಬಹುದು, ವೈರು ಮಾತ್ರ ಚುಚ್ಚಬಾರದು.

ಆ ಮಾಲೀಕನ ಲಾರಿಗಳ ಪರಿಚಯದ ಮೇಲೆ ಊಟಕ್ಕೆ ಬಂದಿದ್ದ ಖಾಜಾಸಾಬರು ಇದನ್ನೆಲ್ಲ ದೂರದಿಂದ ನೋಡಿದ್ದರು. ಹತ್ತಿರ ಬಂದು, ಬೀಡಾ ಕೊಟ್ಟು, ಯಾರ ಹತ್ತಿರ ಕಲಿತಿರಿ ಎಂದು ಕೇಳಿದರು. ಹೇಳಿದೆ. ಸ್ವಲ್ಪ ಯೋಚಿಸಿ, "ಆ ಟೇಪ್ ರೆಕಾರ್ಡರಿನ ಬೆಲ್ಟು ಸಡಿಲ ಇತ್ತೇನ್ರಿ? ಸಡಿಲಾದ್ರ ಹಾಡು ಎಳೀತೈತಿ" ಎಂದರು. ನಾನು ಬೀಡಾ ಬಾಯಿಗೆ ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ಅಟ್ಟದಿಂದ ಗುರುವನ್ನು ಇಳಿಸಿ, ಬಿಚ್ಚಿ, ನೇರ ಕೌಲ್ ಬಜಾರಿಗೆ ಹೋದೆ. ಹೊಸ ಬೆಲ್ಟು ಹಾಕಿ ಎಲ್ಲ ಹಾಡುಗಳನ್ನೂ ಮೊದಲಿನಿಂದ ಕಲಿಯುತ್ತೇನೆ, ಎಂಥ ಬೆಲ್ಟು ಎಲ್ಲಿ ಸಿಗುತ್ತದೆ ಹೇಳಿ ಎಂದೆ. ಖಾಜಾಸಾಬರು ಲೇತು ನಿಲ್ಲಿಸಿ, ನನ್ನನ್ನೇ ನೋಡಿದರು.

"ಹೇಳ್ತೀನ್ರಿ. ಆದ್ರ ಅಂಗಡಿಯಾಗ ಹಳೇ ಬೆಲ್ಟು ತೋರಿಸಿ ಅಂಥದ್ದಾ ಕೊಡು ಅನಬ್ಯಾಡ್ರಿ, ಆಚಾರ್ರೆ."

"ಛೆ, ಅಷ್ಟೂ ತಿಳಿಯಂಗಿಲ್ಲೇನ್ರಿ ನನಗ?" ಎಂದೆ, ಜೇಬಿನಲ್ಲಿ ಕಾಗದದಲ್ಲಿ ಸುತ್ತಿಟ್ಟಿದ್ದ ಹಳೆಯ ಬೆಲ್ಟನ್ನು ಅವರಿಗೆ ಕಾಣದ ಹಾಗೆ ಇನ್ನಷ್ಟು ಒಳಗೆ ತಳ್ಳುತ್ತ.